ಮೊದಲು ನಡಿ, ಆಮೇಲೆ ಹತ್ತು

ನಮ್ಮ ಬ್ಯಾಚಿನ ಯಾರನ್ನಾದರೂ ನಿಲ್ಲಿಸಿ "(3, 5) ಬಿಂದು ಎಲ್ಲಿ ಬರುತ್ತೆ?" ಅಂತ ಕೇಳಿ. "ಮೊದಲು ನಡಿ, ಆಮೇಲೆ ಹತ್ತು" ಅಂತಲೇ ಶುರು ಮಾಡುತ್ತಾರೆ. ಒಂಬತ್ತನೇ ತರಗತಿಯಲ್ಲಿ ಗಣಿತದ ಮೇಡಂ ಹೇಳಿಕೊಟ್ಟ ಮಾತು ಅದು. ಮೂಲಬಿಂದುವಿನಿಂದ ಬಲಕ್ಕೆ ಮೂರು ಮನೆ ನಡಿ, ಅಲ್ಲಿಂದ ಮೇಲಕ್ಕೆ ಐದು ಮನೆ ಹತ್ತು. ಮೈನಸ್ ಬಂದರೆ ಎಡಕ್ಕೆ ನಡಿ, ಇಲ್ಲವೇ ಕೆಳಕ್ಕೆ ಇಳಿ. ಇಷ್ಟು ಗೊತ್ತಿದ್ದರೆ (3, 5) ಮತ್ತು (5, 3) ಯಾವತ್ತೂ ಅದಲುಬದಲಾಗುವುದಿಲ್ಲ.

ಗ್ರಾಫ್ ಹಾಳೆಯ ವಿಷಯದಲ್ಲಿ ಮೇಡಂ ತುಂಬಾ ಕಟ್ಟುನಿಟ್ಟು. ಪೆನ್ಸಿಲ್ ಚೂಪಾಗಿರಬೇಕು. ಚುಕ್ಕಿ ಚಿಕ್ಕದಿರಬೇಕು, ಅದರ ಸುತ್ತ ಒಂದು ಸಣ್ಣ ಸೊನ್ನೆ. ಮೇಲೆ ಮೂಲೆಯಲ್ಲಿ ಪ್ರಮಾಣ ಬರೆಯದಿದ್ದರೆ ಹಾಳೆ ವಾಪಸ್. "ನಕ್ಷೆಯ ವಿಧಾನದಿಂದ ಬಿಡಿಸಿ" ಅನ್ನುವ ಪರೀಕ್ಷೆಯ ಪ್ರಶ್ನೆಗೆ ಇಷ್ಟು ಸಾಕಿತ್ತು. ಅವರಿಗೆ ಸಾಕಾಗಲಿಲ್ಲ. ಪುಸ್ತಕದ ಲೆಕ್ಕಗಳಲ್ಲಿ ಚುಕ್ಕಿಗಳೆಲ್ಲ ಗೆರೆಯ ಮೇಲೆ ಸರಿಯಾಗಿ ಬಂದು ಕೂರುತ್ತವೆ. ಮನುಷ್ಯರನ್ನು, ಮಳೆಯನ್ನು, ಬೆಳೆಯನ್ನು ಅಳೆದರೆ ಹಾಗೆ ಕೂರುವುದಿಲ್ಲ, ಚದುರಿಹೋಗುತ್ತವೆ. ಚದುರಿದ್ದನ್ನು ಓದುವುದು ಹೇಗೆ ಅಂತ ಅವರು ನಮಗೆ ಕಲಿಸಿದರು. ಅವರಿಗೆ ನಾನು ಋಣಿಯಾಗಿರುವುದು ಅದಕ್ಕೇ.

ಒಂದು ಶನಿವಾರ ಟೈಲರ್ ಟೇಪ್ ತಂದರು. ಎಲ್ಲರ ಎತ್ತರ, ಎಲ್ಲರ ಮಾರು ಅಳೆಯಬೇಕು. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರೆ, ನಡುಬೆರಳಿನ ತುದಿಗಳಲ್ಲಿ ಸೀಮೆಸುಣ್ಣದ ಗುರುತು. ಪಕ್ಕದಲ್ಲಿ ದೊಡ್ಡ ಚಾರ್ಟ್ ಅಂಟಿಸಿದ್ದರು. ಎಕ್ಸ್ ಅಕ್ಷದ ಮೇಲೆ ಎತ್ತರ, ವೈ ಅಕ್ಷದ ಮೇಲೆ ಮಾರು. ಎರಡೂ 130 ಸೆಂಟಿಮೀಟರಿನಿಂದ ಶುರು. ಸೊನ್ನೆಯಿಂದ ಅಲ್ಲ ಅಂತ ತೋರಿಸಲು ಮೂಲೆಯಲ್ಲಿ ಅಂಕುಡೊಂಕು ಗೆರೆ. ಅವರವರ ಚುಕ್ಕಿ ಅವರವರೇ ಇಡಬೇಕು.

ಮೊದಮೊದಲು ಏನೂ ತಿಳಿಯಲಿಲ್ಲ. ಅರ್ಧ ಕ್ಲಾಸಿನ ಚುಕ್ಕಿ ಬೀಳುವ ಹೊತ್ತಿಗೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಒಂದು ಪಟ್ಟೆ ಕಾಣತೊಡಗಿತು. ಯಾರೂ ಗೆರೆ ಎಳೆದಿರಲಿಲ್ಲ! ಎತ್ತರ ಹೆಚ್ಚಿದಂತೆ ಮಾರೂ ಹೆಚ್ಚುತ್ತಿತ್ತು, ಎರಡೂ ಹೆಚ್ಚುಕಡಿಮೆ ಒಂದೇ. ವಾಲಿಬಾಲ್ ಆಡುತ್ತಿದ್ದ ಹುಡುಗನೊಬ್ಬನ ಚುಕ್ಕಿ ಮಾತ್ರ ಪಟ್ಟೆ ಬಿಟ್ಟು ಮೇಲೆ ನಿಂತಿತು. "ಇದನ್ನ ತೆಗೆದುಬಿಡೋಣ ಮೇಡಂ" ಅಂತ ಯಾರೋ ಕೂಗಿದರು. "ಮೊದಲು ಇನ್ನೊಂದು ಸಲ ಅಳೀರಪ್ಪ. ತಪ್ಪಿದ್ರೆ ತಿದ್ದೋಣ. ಸರಿಯಿದ್ರೆ ಅವನನ್ನ ತೆಗೆಯೋಕೆ ನಾವ್ಯಾರು?" ಅಂದರು. ಅಳೆದೆವು. ಸರಿಯಾಗೇ ಇತ್ತು. ಚುಕ್ಕಿ ಅಲ್ಲೇ ಉಳಿಯಿತು.

ಆಮೇಲೆ ಎತ್ತರ ಮತ್ತು ಮನೆಯಿಂದ ಶಾಲೆಗೆ ಇರುವ ದೂರದ ಚಾರ್ಟ್ ಮಾಡಿಸಿದರು. ಹಾಳೆ ತುಂಬಾ ಚುಕ್ಕಿ, ಯಾವ ಪಟ್ಟೆಯೂ ಇಲ್ಲ. ಸಂಬಂಧ ಇಲ್ಲ ಅಂತ ಧೈರ್ಯವಾಗಿ ಬರೆಯಿರಿ, ಅದೂ ಉತ್ತರವೇ ಅಂದರು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಪ್ರೈಮರಿ ಮಕ್ಕಳ ಪಾದದ ಉದ್ದ ಒಂದು ಕಡೆ, ಒಂದು ನಿಮಿಷಕ್ಕೆ ಓದುವ ಪದಗಳು ಇನ್ನೊಂದು ಕಡೆ. ಪಟ್ಟೆ ಚೆನ್ನಾಗಿಯೇ ಮೇಲೇರಿತು. ಪಾದ ದೊಡ್ಡದಾದರೆ ಓದು ಚುರುಕಾಗುತ್ತಾ? ಮೇಡಂ ಏನೂ ಹೇಳದೆ ಸ್ಕೆಚ್ ಪೆನ್ ಕೊಟ್ಟು, ತರಗತಿಗೊಂದು ಬಣ್ಣ ಹಾಕಲು ಹೇಳಿದರು. ಮೂರನೇ ತರಗತಿ ಹಸಿರು, ಐದನೆಯದು ಕೆಂಪು, ಏಳನೆಯದು ನೀಲಿ. ಒಂದೊಂದೇ ಬಣ್ಣವನ್ನು ನೋಡಿದಾಗ ಏರಿಕೆ ಮಾಯ. ಪಾದವನ್ನೂ ಓದನ್ನೂ ಒಟ್ಟಿಗೆ ಬೆಳೆಸುತ್ತಿದ್ದದ್ದು ವಯಸ್ಸು. ಎರಡು ಸಂಗತಿ ಜೊತೆಯಾಗಿ ಏರಿದರೆ ಒಂದರಿಂದ ಇನ್ನೊಂದು ಆಯಿತು ಅಂತ ಹೇಳಲು ಬರುವುದಿಲ್ಲ ಅನ್ನುವುದು ಅವತ್ತು ಕಣ್ಣಿಗೇ ಕಂಡಿತು.

ಮುಂದೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಎತ್ತರವನ್ನೂ ಅವರ 928 ಮಕ್ಕಳ ಎತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದನ್ನು ಓದಿದಾಗ ನಮ್ಮ ಗೋಡೆಯ ಚಾರ್ಟೇ ಕಣ್ಣಮುಂದೆ ಬಂತು. ತುಂಬಾ ಎತ್ತರದ ತಂದೆತಾಯಿಯ ಮಕ್ಕಳೂ ಎತ್ತರವೇ, ಆದರೆ ಸಾಮಾನ್ಯವಾಗಿ ಅವರಷ್ಟಲ್ಲ, ಸರಾಸರಿಯ ಕಡೆಗೆ ಸ್ವಲ್ಪ ಸರಿದಿರುತ್ತಾರೆ ಅಂತ ಅವರು ಕಂಡುಕೊಂಡರು. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ ಕೊಟ್ಟ ಉದಾಹರಣೆಯಂತೂ ನಮ್ಮ ಮೇಡಂ ಪಾಠದ ಮುಂದುವರಿಕೆ ಇದ್ದ ಹಾಗಿತ್ತು. ನಾಲ್ಕು ಪಟ್ಟಿ, ಒಂದೊಂದರಲ್ಲೂ 11 ಜೋಡಿ ಸಂಖ್ಯೆ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5. ಲೆಕ್ಕ ಹಾಕಿದರೆ ಬರುವ ಸರಳರೇಖೆಯೂ ಒಂದೇ. ಚುಕ್ಕಿ ಇಟ್ಟು ನೋಡಿ: ಒಂದು ಸುಮ್ನೆ ಚದುರಿದ ಪಟ್ಟೆ, ಒಂದು ಬಾಗಿದ ಕಮಾನು, ಒಂದು ನೇರ ಗೆರೆಯಲ್ಲಿ ಒಂದೇ ಒಂದು ಚುಕ್ಕಿ ಮೇಲೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಕಂಬದ ಹಾಗೆ ನಿಂತು, ಹನ್ನೊಂದನೆಯದು ಎಲ್ಲೋ ದೂರ. ಬರೀ ಸರಾಸರಿ ನೋಡಿದವರಿಗೆ ಇದ್ಯಾವುದೂ ಗೊತ್ತಾಗುವುದೇ ಇಲ್ಲ, ಅಲ್ವಾ?

ಈಗ ನನ್ನ ಕೆಲಸ ಬೋರ್‌ವೆಲ್ ನೀರಿನ ಪರೀಕ್ಷೆ. ಕೋಲಾರ, ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಎಷ್ಟು ತೊಂದರೆ ಕೊಡುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕುಡಿಯುವ ನೀರಿಗೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕಂಪ್ಯೂಟರ್ ಕ್ಷಣದಲ್ಲಿ ಗೆರೆ ಎಳೆದು ಕೊಡುತ್ತದೆ. ನಾನು ಅದಕ್ಕೂ ಮೊದಲು ಬರೀ ಚುಕ್ಕಿಗಳನ್ನು ತೋರಿಸಲು ಹೇಳುತ್ತೇನೆ. ಎಕ್ಸ್ ಅಕ್ಷದಲ್ಲಿ ಆಳ, ವೈ ಅಕ್ಷದಲ್ಲಿ ಫ್ಲೋರೈಡ್, ಹಳ್ಳಿಗೊಂದು ಬಣ್ಣ. ಗುಂಪು ಬಿಟ್ಟು ನಿಂತ ಚುಕ್ಕಿ ಕಂಡರೆ ಆ ಬೋರ್‌ವೆಲ್ಲಿನ ನೀರನ್ನು ಇನ್ನೊಮ್ಮೆ ತರಿಸುತ್ತೇವೆ. ಎರಡನೇ ಸಲವೂ 1.5 ದಾಟಿದರೆ ಪಂಚಾಯಿತಿಗೆ ಕಳಿಸುವ ಪಟ್ಟಿಯಲ್ಲಿ ಅದರ ನಂಬರ್ ಎಲ್ಲಕ್ಕಿಂತ ಮೇಲೆ ಇರುತ್ತದೆ.