ಸೊನ್ನೆ ಕಳುಹಿಸಿದಾಗ ನಿಲ್ಲದ ರೋಬೋಟ್

ನಾನು ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೈಕ್ರೋಕಂಟ್ರೋಲರ್ (ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್) ಕಲಿಸುತ್ತೇನೆ. ಎರಡು ಪುಟ್ಟ ರೋಬೋಟ್‌ಗಳು ಒಂದರ ಹಿಂದೊಂದು ಸಾಗುವುದು, ಮುಂದಿನದು ತನ್ನ ವೇಗವನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ಹಿಂದಿನದಕ್ಕೆ ತಿಳಿಸುತ್ತಿರುವುದು ನಾವು ಮಾಡಿಸುವ ಪ್ರಯೋಗಗಳಲ್ಲಿ ಒಂದು. ಇದರಲ್ಲಿ ನನ್ನಿಂದಲೇ ಆದ ಒಂದು ತಪ್ಪನ್ನು ವಿವರವಾಗಿ ಬರೆಯಬೇಕೆನಿಸಿದೆ.

ಟಿವಿ ರಿಮೋಟ್‌ನ ಸಂಕೇತ ಹಿಡಿಯುವ ಮೂರು ಕಾಲಿನ ಟಿಎಸ್‌ಒಪಿ38238 ನಮ್ಮ ರಿಸೀವರ್. ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ ಬೆಳಕು ಬಿದ್ದಾಗ ಅದರ ಔಟ್‌ಪುಟ್ 0 ಆಗುತ್ತದೆ, ಇಲ್ಲದಿದ್ದರೆ 1 ಆಗಿಯೇ ಇರುತ್ತದೆ. 0, 1 ಎಂಬ ಬಿಟ್‌ಗಳನ್ನು ಒಂದೊಂದಾಗಿ ಸಾಗಿಸುವ ಸೀರಿಯಲ್ ತಂತಿಯೂ ಸುಮ್ಮನಿರುವಾಗ 1ರಲ್ಲೇ ಇರುವುದರಿಂದ ರಿಸೀವರ್‌ನ ಕಾಲನ್ನು ನೇರವಾಗಿ, ಸಂದೇಶ ಪಡೆಯುವ ಆರ್‌ಎಕ್ಸ್ ಪಿನ್‌ಗೆ ಜೋಡಿಸಬಹುದು. ಕಳುಹಿಸುವ ಕಡೆ, ಆರ್ಡುಯಿನೊ ಊನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ 16 ಮೆಗಾಹರ್ಟ್ಸ್ ಗಡಿಯಾರವನ್ನು ಅದರೊಳಗಿನ ಎಣಿಕೆ ಘಟಕ ಟೈಮರ್ 2ರ ಮೂಲಕ 420ರಿಂದ ಭಾಗಿಸಿ, 11ನೇ ಪಿನ್‌ನಲ್ಲಿ 38,095 ಹರ್ಟ್ಸ್ ಪಡೆದೆವು. ಆ ಪಿನ್‌ಗೂ ಸಂದೇಶ ಹೊರಡುವ ಟಿಎಕ್ಸ್ ಪಿನ್‌ಗೂ ನಡುವೆ ಒಂದು ಎಲ್‌ಇಡಿ, 150 ಓಮ್‌ನ ಒಂದು ರೆಸಿಸ್ಟರ್. ಟಿಎಕ್ಸ್ 0 ಆದಾಗ ಮಾತ್ರ ಎಲ್‌ಇಡಿ ಮಿನುಗುತ್ತದೆ. ಸಂದೇಶದ ವೇಗ 2400 ಬಾಡ್, ಅಂದರೆ ಸೆಕೆಂಡಿಗೆ 2400 ಬಿಟ್. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್‌ನಲ್ಲಿ ರೂಪುಗೊಂಡ ಆಸುರೋ ರೋಬೋಟ್ ಕೂಡ ಇದೇ ವೇಗದಲ್ಲಿ ಇನ್‌ಫ್ರಾರೆಡ್ ಸಂವಹನ ನಡೆಸುತ್ತದೆ. ಈ ವೇಗದಲ್ಲಿ ಒಂದು ಬಿಟ್‌ಗೆ 417 ಮೈಕ್ರೋಸೆಕೆಂಡ್, ಅಂದರೆ ಸುಮಾರು 16 ಮಿನುಗು ಸಿಗುತ್ತವೆ. ರಿಸೀವರ್ ಗುರುತಿಸಲು ಕನಿಷ್ಠ 10 ಬೇಕು. 9600 ಬಾಡ್‌ನಲ್ಲಿ ನಾಲ್ಕೇ ಸಿಗುತ್ತವೆ.

ಪರೀಕ್ಷೆಗೆ ನಾನು ಇಂಗ್ಲಿಷಿನ 'ಯು' ಅಕ್ಷರವನ್ನು ಆರಿಸಿದ್ದೆ. ಅದರ ಬಿಟ್‌ಗಳು 0 ಮತ್ತು 1 ಒಂದಾದಮೇಲೊಂದು ಬರುವಂತಿದ್ದು, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ನೋಡಲು ಸುಲಭ. ಎರಡು ಮೀಟರ್ ದೂರದಲ್ಲಿಯೂ ಒಂದಕ್ಷರ ತಪ್ಪಲಿಲ್ಲ. ಆದರೆ ರೋಬೋಟ್‌ಗಳನ್ನು ನೆಲಕ್ಕೆ ಬಿಟ್ಟಾಗ, ಮುಂದಿನದು ನಿಂತರೂ ಹಿಂದಿನದು ನಿಲ್ಲದೆ ಹೋಗಿ ಅದಕ್ಕೆ ಗುದ್ದುತ್ತಿತ್ತು. "ಸರ್, ಒಂದು ಗೇಣು ಹತ್ತಿರ ಇಟ್ಟರೆ ನಿಲ್ಲುತ್ತದೆ, ದೂರ ಇಟ್ಟರೆ ಇಲ್ಲ" ಎಂದು ಒಬ್ಬ ವಿದ್ಯಾರ್ಥಿನಿ ಗಮನಿಸಿ ಹೇಳಿದಳು. ನಾನು ಮೋಟರ್‌ನ ವಿದ್ಯುತ್ ಗದ್ದಲವೇ ಕಾರಣವೆಂದು ತಿಳಿದು ಮೋಟರ್‌ಗಳಿಗೆ ಕೆಪಾಸಿಟರ್ ಬೆಸುಗೆ ಹಾಕಿಸಿದೆ, ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್‌ಲೈಟ್‌ಗಳನ್ನು ನಂದಿಸಿದೆ. ಎರಡೂ ಮಾಡಬೇಕಾದ ಕೆಲಸಗಳೇ. ಆದರೆ ಈ ದೋಷಕ್ಕೆ ಮದ್ದಾಗಲಿಲ್ಲ.

ಕೊನೆಗೆ ಆಸಿಲೋಸ್ಕೋಪನ್ನು ರಿಸೀವರ್‌ನ ಔಟ್‌ಪುಟ್ ಕಾಲಿಗೇ ಹಿಡಿದೆವು. ನಿಂತಿರುವ ರೋಬೋಟ್ ಕಳುಹಿಸುವ ವೇಗ 0. ಆ ಬೈಟ್‌ನಲ್ಲಿ (ಎಂಟು ಬಿಟ್‌ಗಳ ಗುಂಪಿನಲ್ಲಿ), ಆರಂಭವನ್ನು ಸೂಚಿಸುವ ಸ್ಟಾರ್ಟ್ ಬಿಟ್ ಸೇರಿ, ಒಂಬತ್ತು ಸೊನ್ನೆಗಳು ಒಟ್ಟಿಗೆ ಬರುವುದರಿಂದ ಎಲ್‌ಇಡಿ 3.75 ಮಿಲಿಸೆಕೆಂಡ್ ಬಿಡುವಿಲ್ಲದೆ ಮಿನುಗುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ಎಡೆಬಿಡದೆ ಕಳುಹಿಸುತ್ತಲೂ ಇತ್ತು. ಪರದೆಯ ಮೇಲೆ ಮೊದಲ ಕೆಲವು ಬೈಟ್‌ಗಳು ಸರಿಯಾಗಿದ್ದವು. ಬಳಿಕ ಒಂದೇ ಉದ್ದನೆಯ ತಗ್ಗಾಗಿ ಇರಬೇಕಾದದ್ದು ನಡುನಡುವೆ ಮೇಲೆದ್ದು ಚೂರುಚೂರಾಗಿತ್ತು.

ರಿಮೋಟ್ ರಿಸೀವರ್ ಚಿಕ್ಕ ಚಿಕ್ಕ ಸಂಕೇತಗಳಿಗೂ ಅವುಗಳ ನಡುವಿನ ಮೌನಕ್ಕೂ ಹೊಂದಿಕೊಂಡ ಭಾಗ. ಸುಮಾರು 70 ಮಿನುಗುಗಳಿಗಿಂತ ಉದ್ದವಾದ ಸಂಕೇತ ಬಂದರೆ, ಅದರ ಹಲವು ಪಟ್ಟು ಬಿಡುವು ಸಿಗದಿದ್ದಲ್ಲಿ, ಅದನ್ನು ದೀಪದ ಗದ್ದಲವೆಂದು ಎಣಿಸಿ ತನ್ನ ಸೂಕ್ಷ್ಮತೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಸೊನ್ನೆಯಲ್ಲಿ 142 ಮಿನುಗುಗಳಿದ್ದವು. ಹತ್ತಿರದಲ್ಲಿ ಬೆಳಕು ಪ್ರಖರವಾಗಿರುವುದರಿಂದ ತಗ್ಗಿದ ಸೂಕ್ಷ್ಮತೆಗೂ ಅದು ಸಾಕಾಗುತ್ತಿತ್ತು. ಉದ್ದನೆಯ ಸಂಕೇತದ ಈ ಮಿತಿ, ರಿಸೀವರ್ ತಯಾರಕರು ಕೊಡುವ ವಿವರಪತ್ರವಾದ ಡೇಟಾಶೀಟ್‌ನಲ್ಲಿ ಸ್ಪಷ್ಟವಾಗಿದೆ. ನಾನು ಪಿನ್‌ಗಳ ಚಿತ್ರವಿರುವ ಪುಟವನ್ನಷ್ಟೇ ನೋಡಿದ್ದೆ.

ಪರಿಹಾರಕ್ಕೆ ಮ್ಯಾಂಚೆಸ್ಟರ್ ಕ್ರಮವನ್ನು ಬಳಸಿದೆವು. ಪ್ರತಿ 0ಗೆ ಬದಲಾಗಿ 1-0, ಪ್ರತಿ 1ಕ್ಕೆ ಬದಲಾಗಿ 0-1 ಕಳುಹಿಸಿದರೆ, ಯಾವ ಸಂಖ್ಯೆಯೇ ಇರಲಿ, ಎರಡಕ್ಕಿಂತ ಹೆಚ್ಚು ಸೊನ್ನೆಗಳು ಒಟ್ಟಿಗೆ ಬರುವುದಿಲ್ಲ. ಒಂದು ಬೈಟ್‌ಗೆ ಎರಡು ಬೈಟ್ ಖರ್ಚಾಗಿ ಸೆಕೆಂಡಿಗೆ 240ರ ಬದಲು 120 ಬೈಟ್ ಮಾತ್ರ ಹೋಗುತ್ತವೆ. ವೇಗ ತಿಳಿಸಲು ಅಷ್ಟು ಧಾರಾಳವಾಗಿ ಸಾಕು. ಸಂದೇಶಗಳ ನಡುವೆ 25 ಮಿಲಿಸೆಕೆಂಡ್ ಮೌನವನ್ನೂ ಇಟ್ಟೆವು. ಹೀಗೆ ಬದಲಾಯಿಸಿದ ಮೇಲೆ 'ನಿಲ್ಲು' ಎಂಬ ಸೊನ್ನೆ ಎರಡು 'ಯು' ಅಕ್ಷರಗಳಾಗಿಯೇ ಹೊರಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಪರದೆಯ ಮೇಲೆ ತಾವೇ ಎಣಿಸಿ ಕಂಡುಕೊಂಡರು.

ರೋಬೋಟ್ ಬಿಳಿ ಗೋಡೆಯ ಮುಂದೆ ತನ್ನ ಸಂದೇಶವನ್ನು ತಾನೇ ಕೇಳಿಸಿಕೊಳ್ಳುವುದನ್ನು ತಡೆಯಲು, ಕಳುಹಿಸುವಾಗ ಬಂದ ಬೈಟ್‌ಗಳನ್ನು ಬಿಟ್ಟುಬಿಡುತ್ತೇವೆ. ಪರೀಕ್ಷೆಯಲ್ಲಿ ಈಗ 0ರಿಂದ 255ರವರೆಗಿನ ಪ್ರತಿ ಸಂಖ್ಯೆಯನ್ನೂ ಸತತವಾಗಿ ನೂರು ಸಲ ಎರಡು ಮೀಟರ್ ದೂರಕ್ಕೆ ಕಳುಹಿಸಿ, ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ತಪ್ಪುಗಳನ್ನು ಎಣಿಸುತ್ತೇವೆ.