ಶುಭಕಾರ್ಯಕ್ಕೆ ಅಕ್ಕಿಯೇ ಏಕೆ?

ರಾಗಿ, ಜೋಳಗಳನ್ನೇ ನಿತ್ಯ ಉಣ್ಣುವ ಸೀಮೆಗಳಲ್ಲಿಯೂ ಮದುವೆಯ ಅಕ್ಷತೆಗೆ ಅಕ್ಕಿಯೇ ಏಕೆ ಬೇಕು ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಅಕ್ಕಿ ಬಿಳುಪಾಗಿದೆ, ಸಾತ್ವಿಕವಾಗಿದೆ ಎಂಬ ಸಿದ್ಧ ಉತ್ತರ ನನಗೆ ಸಾಲದು.

ಅಥರ್ವವೇದವು ವ್ರೀಹಿ ಮತ್ತು ಯವ, ಅಂದರೆ ಭತ್ತ ಮತ್ತು ಬಾರ್ಲಿ, ಎರಡನ್ನೂ ಜೊತೆಯಾಗಿಯೇ ಸ್ತುತಿಸಿ, ಅವು ದ್ಯುಲೋಕದ ಸಾವಿಲ್ಲದ ಮಕ್ಕಳು, ಔಷಧಗಳು ಎನ್ನುತ್ತದೆ. ಅಕ್ಕಿಯೊಂದಕ್ಕೇ ಮೀಸಲಾದ ಗೌರವ ಅಲ್ಲಿಲ್ಲ. ನಮ್ಮ ನಾಡಿನಲ್ಲಿ ಭತ್ತ ಬೆಳೆದದ್ದು ಹೊಳೆಯ ದಂಡೆ, ಕೆರೆಯ ಕೆಳಗಿನ ಬಯಲು ಮತ್ತು ಮಳೆ ಧಾರಾಳವಾಗಿ ಸುರಿಯುವ ಮಲೆನಾಡು, ಕರಾವಳಿಗಳಲ್ಲಿ. ದೇವರ ನೈವೇದ್ಯಕ್ಕೆಂದು ಗದ್ದೆಯನ್ನು ದತ್ತಿಯಾಗಿ ಬಿಟ್ಟ ಶಾಸನಗಳು ಕನ್ನಡದಲ್ಲಿ ಹೇರಳವಾಗಿವೆ. ಬಯಲುಸೀಮೆಯ ಸಾಮಾನ್ಯ ಮನೆಗಳಲ್ಲಾದರೋ ಅನ್ನ ಬಹುಕಾಲ ಹಬ್ಬದ ಊಟವೇ ಆಗಿತ್ತು. ಹಾಗೆ ಅಪರೂಪವಾಗಿದ್ದ ಧಾನ್ಯವನ್ನು, ನುಚ್ಚನ್ನು ಆರಿಸಿ ತೆಗೆದು, ಅರಿಸಿನ ಸವರಿ, ಇನ್ನೊಬ್ಬರ ತಲೆಯ ಮೇಲೆ ಹಾಕುವುದೆಂದರೆ ಮನೆಯಲ್ಲಿರುವ ಉತ್ತಮವಾದುದನ್ನು ಕೊಟ್ಟು ಹರಸುವುದು. ಅಕ್ಕಿಯ ಮಹತ್ವಕ್ಕೆ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಮದುವೆಯ ಲಾಜಹೋಮವನ್ನು ಹತ್ತಿರದಿಂದ ನೋಡಿದರೆ ಈ ಕೊಡುವಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ವಧುವಿನ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಭತ್ತದ ಅರಳನ್ನು ಹಾಕುತ್ತಾನೆ, ಅದರ ಮೇಲೆ ತುಪ್ಪ ಬೀಳುತ್ತದೆ, ವರನ ಕೈ ಅವಳ ಕೈಗೆ ಆಸರೆಯಾಗುತ್ತದೆ, ಅರಳು ಬೆರಳ ತುದಿಯಿಂದ ಅಗ್ನಿಗೆ ಜಾರುತ್ತದೆ. ತವರಿನ ಧಾನ್ಯವನ್ನು ಅವಳೇ ಹೊಸ ಸಂಸಾರದ ಅಗ್ನಿಗೆ ಅರ್ಪಿಸುವ ಈ ಕ್ಷಣ, ನನ್ನ ದೃಷ್ಟಿಯಲ್ಲಿ, ಇಡೀ ಮದುವೆಯಲ್ಲೇ ಅತ್ಯಂತ ಅರ್ಥಪೂರ್ಣವಾದುದು. ಗಂಡನ ಮನೆಯ ಹೊಸ್ತಿಲಲ್ಲಿ ಅವಳು ಬಲಗಾಲಿನಿಂದ ಉರುಳಿಸುವ ಸೇರಿನಲ್ಲಿರುವುದೂ ಅಕ್ಕಿಯೇ.

ಅನ್ನಪ್ರಾಶನ, ತಟ್ಟೆಯ ಅಕ್ಕಿಯಲ್ಲಿ ಬರೆಯಿಸುವ ಮೊದಲ ಅಕ್ಷರ, ಕಲಶದ ಕೆಳಗಿನ ಹಾಸು, ಮಡಿಲು ತುಂಬುವ ಶಾಸ್ತ್ರ ಇವೆಲ್ಲ ಎಲ್ಲರಿಗೂ ತಿಳಿದಿರುವಂಥವು. ಸಾವಿನಲ್ಲಿಯೂ ಅಕ್ಕಿ ಜೊತೆ ಬಿಡುವುದಿಲ್ಲ: ಬಂಧುಗಳು ಮೃತರ ಬಾಯಿಗೆ ಅಕ್ಕಿಕಾಳು ಹಾಕುತ್ತಾರೆ, ಅನ್ನವನ್ನೇ ಪಿಂಡವಾಗಿ ಕಟ್ಟುತ್ತಾರೆ. ಆದರೆ ಪಿತೃಕಾರ್ಯದಲ್ಲಿ ಅರಿಸಿನದ ಅಕ್ಷತೆಯ ಸ್ಥಾನವನ್ನು ಎಳ್ಳು ಪಡೆಯುತ್ತದೆ. ಏಕಾದಶಿಯಂದು ವ್ರತಸ್ಥರು ಮೊದಲು ತೊರೆಯುವುದೂ ಅನ್ನವನ್ನೇ.

ಕೊಡಗಿನ ಹುತ್ತರಿಯಲ್ಲಿ ಹುಣ್ಣಿಮೆಯ ಹೊತ್ತಿಗೆ ಮನೆಮಂದಿಯೆಲ್ಲ ಗದ್ದೆಗೆ ನಡೆದು, ಗುಂಡು ಹಾರಿಸಿ, ಮೊದಲ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಮನೆಗೆ ತರುತ್ತಾರೆ. ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರ ತೆನೆಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಊಟದಲ್ಲಿ ಹಂಚಿಕೊಳ್ಳುತ್ತಾರೆ. ಆದ್ದರಿಂದ ಈ ಗೌರವ ಒಂದು ಮತಕ್ಕೆ ಸೇರಿದ್ದಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, ಮಂಟಪದಲ್ಲಿ ಚೆಲ್ಲಿದ ಅಕ್ಕಿ ವ್ಯರ್ಥವಲ್ಲವೇ ಎಂಬುದು. ತೈತ್ತಿರೀಯ ಉಪನಿಷತ್ತು ಅನ್ನವನ್ನು ನಿಂದಿಸಬಾರದು, ತಿರಸ್ಕರಿಸಬಾರದು ಎನ್ನುವಾಗ, ಅದು ಕಾಲ್ತುಳಿತಕ್ಕೆ ಸಿಕ್ಕುವುದು ನನಗೂ ಸರಿಕಾಣುವುದಿಲ್ಲ. ಹರಸುವುದಕ್ಕೆ ನಾಲ್ಕು ಕಾಳು ಸಾಕು. ಉಳಿದುದನ್ನು ತಟ್ಟೆಯಲ್ಲೇ ಬಿಟ್ಟು, ಬಿದ್ದದ್ದನ್ನು ಬಳಿದು ಹಕ್ಕಿಗಳಿಗೆ ಹಾಕಬೇಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.