ನಿಮ್ಮ ಕಾಕಾನ್ನ ಕೇಳವ್ವಾ

ಸೋಮವಾರದಿಂದ ಇದೊಂದೇ ಮಾತು ತಲೆಯಲ್ಲಿ ಕೂತಿದೆ. "ನಿಮ್ಮ ಕಾಕಾನ್ನ ಕೇಳವ್ವಾ." ಬೈದದ್ದಲ್ಲ, ಸಿಟ್ಟೂ ಇರಲಿಲ್ಲ. ನನ್ನ ಮುಖ ಒಮ್ಮೆ ನೋಡಿ, ಮತ್ತೆ ತಲೆ ತಗ್ಗಿಸಿ ದಾರ ಎಳೆಯುತ್ತಾ ಹೇಳಿದ್ದು.

ನಮ್ಮ ಅಣ್ಣನ ಮಗಳ ಕಾಲೇಜಿನಲ್ಲಿ ಎಥ್ನಿಕ್ ಡೇ ಇತ್ತು. ನಮ್ಮವ್ವ ದಿನಾ ಉಡುವ ಇಳಕಲ್ ಸೀರೆಗೆ ಈಗ ಎಥ್ನಿಕ್ ಅಂತ ಹೆಸರು, ಇರಲಿ. ಸೀರೆ ಅವ್ವನದೇ. ಗುಳೇದಗುಡ್ಡ ಖಣದ ಕುಪ್ಪಸ ಮಾತ್ರ ಹೊಸದು. ಮುಂದೆ ಖಣ, ಬೆನ್ನು ಪೂರ್ತಿ ಬಯಲು, ಹಿಂದೆ ಎರಡು ದಾರ. ಅವ್ವ ಅದನ್ನು ತಿರುವಿ ಮುರುವಿ ನೋಡಿ "ಉಳದ ಖಣ ಟೇಲರ್ ಇಟ್ಕೊಂಡ್ನೇನು?" ಎಂದು ಕೇಳಿದಳು. ಹುಡುಗಿಗೆ ಸಿಟ್ಟು, ನನಗೆ ನಗು.

ಇಷ್ಟೆಲ್ಲಾ ಆದಮೇಲೆ ಕಾಲಿಗೆ ಕೊಲ್ಲಾಪುರಿ ಬೇಕೇ ಬೇಕು ಅಲ್ವಾ. ಅದನ್ನು ಆನ್‌ಲೈನ್‌ನಲ್ಲಿ ತರಿಸಿದಳು. ಫೋಟೋದಲ್ಲಿ ಚರ್ಮ, ಬಂದದ್ದು ರೆಕ್ಸಿನ್. ಅಟ್ಟೆಗೆ ಹೊಲಿಗೆ ಇಲ್ಲ, ಬರೀ ಗೋಂದು. ಮೂರನೇ ದಿನಕ್ಕೆ ಚಪ್ಪಲಿಯ ಉಂಗುಷ್ಟ ಕಿತ್ತು ಕೈಗೆ ಬಂತು. ಎಥ್ನಿಕ್ ಡೇಗೆ ಇನ್ನು ಮೂರೇ ದಿನ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆವು. ಅವಳಿಗೆ ಅಲ್ಲಿ ಬಳೆ ಬೇರೆ ಬೇಕಿತ್ತು. ಸುಭಾಸ ರೋಡಿನ ಹತ್ತಿರ ಛತ್ರಿ ಹಾಕಿಕೊಂಡು ಕೂತಿದ್ದ ಒಬ್ಬ ಹಿರಿಯರ ಮುಂದೆ ಚಪ್ಪಲಿ ಇಟ್ಟೆವು. ಎಪ್ಪತ್ತರ ಹತ್ತಿರ ಇದ್ದಿರಬೇಕು. ಮುಂದೆ ಆರಿ, ರಂಪಿಗೆ, ನೀರಿನ ಡಬ್ಬಿ. ಅವರು ರೆಕ್ಸಿನ್ ಅನ್ನು ಬೆರಳಲ್ಲಿ ಒತ್ತಿ ನೋಡಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ನಾಚಿಕೆ ಮಾಡಿತು.

ಹೊಲಿಗೆ ಆಗುವವರೆಗೆ ಸುಮ್ನೆ ಕೂಡುವ ಹುಡುಗಿ ಅಲ್ಲ ಅವಳು. ಫೋನ್ ತೆಗೆದು ಪ್ರಾಡಾ ಎಂಬ ಇಟಲಿಯ ಫ್ಯಾಷನ್ ಕಂಪನಿಯ ಕಥೆ ಶುರು ಮಾಡಿದಳು. ನಿಮಗೂ ನೆನಪಿರಬೇಕು. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಆ ಕಂಪನಿಯ ಹುಡುಗರು ಥೇಟ್ ನಮ್ಮ ಕೊಲ್ಲಾಪುರಿ ಮೆಟ್ಟಿಕೊಂಡು ನಡೆದರು, ಕಂಪನಿ ಅದಕ್ಕೆ ಬರೀ ಚರ್ಮದ ಸ್ಯಾಂಡಲ್ ಅಂದಿತು, ಇಲ್ಲಿ ಗದ್ದಲ ಎದ್ದಮೇಲೆ ಭಾರತದ ಚಪ್ಪಲಿ ನೋಡಿ ಮಾಡಿದ್ದು ಅಂತ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ಸರಕಾರಗಳ ಚರ್ಮೋದ್ಯಮ ನಿಗಮಗಳ ಜೊತೆ, ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ, ಒಪ್ಪಂದ ಆಯಿತು. ಇಲ್ಲೇ 2000 ಜೋಡಿ ಮಾಡಿಸುತ್ತೇವೆ ಅಂದರು, ಜೋಡಿಗೆ ಸುಮಾರು 800 ಯೂರೊ.

"ಎಂಬತ್ತ ಸಾವಿರ ರೂಪಾಯಿ ಮ್ಯಾಲೆ ಆತ್ರಿ ಅಜ್ಜಾ!" ಎಂದಳು.

ಅವರು ಬಾಯಿ ತೆರೆಯುತ್ತಾರೆ, ಹೌಹಾರುತ್ತಾರೆ ಎಂದು ನಾನು ಕಾಯುತ್ತಿದ್ದೆ. ಎಲ್ಲರೂ ಹಾಗೇ ಮಾಡಿದ್ದರಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಫೋನಿನಲ್ಲಿನ ಚಪ್ಪಲಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ನಡದ್ರ ಸಪ್ಪಳ ಬರ್ತೈತೇನು?"

ಹುಡುಗಿ ತಬ್ಬಿಬ್ಬು. ವೀಡಿಯೊದಲ್ಲಿ ಹಾಡು ಇರುತ್ತದೆ, ಸಪ್ಪಳ ಯಾರಿಗೆ ಗೊತ್ತು?

"ನಮ್ಮಪ್ಪ ಸಪ್ಪಳ ಬರೂವಂಥಾವ ಹೊಲಿತಿದ್ದ. ಕರ್ ಕರ್ ಅಂತಿದ್ದುವು, ಓಣಿ ಆ ಕಡಿಂದ ಕೇಳಿಸ್ತಿತ್ತು. ತಾ ಮಾತ್ರ ಮೆಟ್ಟತಿದ್ದಿಲ್ಲ."

"ಯಾಕ್ರಿ ಅಜ್ಜಾ?"

"ನಿಮ್ಮ ಕಾಕಾನ್ನ ಕೇಳವ್ವಾ."

ನಾನು ಆ ಕಡೆ ಹೋಗುವ ಆಟೋ ನೋಡಿದೆ.

ನಾನು ಯಾರು, ಯಾವ ಮನೆಯವನು ಅಂತ ಅವರಿಗೆ ಹೇಗೆ ಗೊತ್ತು? ಹೆಸರು ಹೇಳಿರಲಿಲ್ಲ. ಹಣೆ ಮೇಲೆ ವಿಭೂತಿಯೂ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, ನವಲೂರು ದಾಟುವ ಹೊತ್ತಿಗೆ, ಹೊಳೆಯಿತು. ಚಪ್ಪಲಿ ಮುಂದಿಟ್ಟಾಗ ನಾನು ಅಂದದ್ದು "ಏ, ಇದನ್ನಷ್ಟು ಲಗೂನ ಹೊಲದ ಕೊಡು". ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ. ಹುಡುಗಿ ಮೊದಲ ಮಾತಿನಿಂದಲೇ "ಅಜ್ಜಾ", "ರಿ" ಅನ್ನುತ್ತಿದ್ದಳು. ಬಳೆ ಅಂಗಡಿಯವನಿಗೆ, ಕಂಡಕ್ಟರಿಗೆ, ಫೇಡೆ ಅಂಗಡಿಯ ಹದಿನೆಂಟರ ಹುಡುಗನಿಗೆ ನಾನೂ "ರಿ" ಹಚ್ಚುತ್ತೇನೆ. ಅಲ್ಲೊಂದು ಕಡೆ ಮಾತ್ರ ನಾಲಿಗೆ ತಾನಾಗಿ "ಏ" ಅಂದಿತು. ಅಷ್ಟು ಸಾಕಾಗಿತ್ತು ಅವರಿಗೆ.

ಸಪ್ಪಳದ ಚಪ್ಪಲಿ ನನಗೆ ಗೊತ್ತು. ನಮ್ಮ ಮುತ್ಯಾನ ಕಾಲಲ್ಲಿ ಇದ್ದವು. ಅಣ್ಣಿಗೇರಿ ಕಡೆ ಹಳ್ಳಿ ನಮ್ಮದು. ಕರ್ ಕರ್ ಕೇಳಿದ ಕೂಡಲೇ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ನಾವು ಹುಡುಗರು ಜೋಳದ ಚೀಲದ ಮೇಲಿಂದ ಇಳಿಯುತ್ತಿದ್ದೆವು. ಆ ಚಪ್ಪಲಿಯನ್ನು ದುಡ್ಡು ಕೊಟ್ಟು ತಂದದ್ದಲ್ಲ. ಹೊಲಿದು ಕೊಡುವ ಮನೆ ಒಂದಿತ್ತು. ಚಪ್ಪಲಿ, ಮಿಣಿ, ಬಾರುಕೋಲು ಎಲ್ಲ ಅವರೇ ಕೊಡಬೇಕು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ವರ್ಷದ ಪಾಲಿನ ಕಾಳು, ತಗೊಂಡು ಹೋಗಬೇಕು. ಆ ಮನೆಯ ಹಿರಿಯ ನಮ್ಮ ಓಣಿಯಲ್ಲಿ ಬರುವಾಗ ತನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ. ನೋಡಿ, ಈಗಲೂ "ಬರುತ್ತಿದ್ದ" ಅಂತಲೇ ಬರೆದೆ. ಸವೆಯಬಾರದು ಅಂತ ಹಿಡಿದಿದ್ದಾನೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಎಷ್ಟು ಜಿಪುಣ ಮನುಷ್ಯ ಅಂತ ಗೆಳೆಯರ ಜೊತೆ ನಕ್ಕದ್ದೂ ಇದೆ.

ಬಸವ ಜಯಂತಿಗೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆ ಕೇಳಿ ಕಣ್ಣು ಒರೆಸಿಕೊಳ್ಳುವ ಮನೆ ನಮ್ಮದು. ಆ ಕಥೆಯನ್ನು ಬಹಳ ಚಂದ ಹೇಳುತ್ತಿದ್ದವರು ಮುತ್ಯಾನೇ.

ಪ್ರಾಡಾ ಗದ್ದಲದಲ್ಲಿ ನಾನೂ ಇದ್ದೆ, ಅದನ್ನೂ ಹೇಳಬೇಕು. ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಉದ್ದ ಬರೆದಿದ್ದೆ. 2019ರಲ್ಲೇ ಕೊಲ್ಲಾಪುರಿಗೆ ಇಂಥ ಊರಿನದೇ ಮಾಲು ಅನ್ನುವ ಜಿಐ ಗುರುತು ಸಿಕ್ಕಿದೆ, ಎಂಟು ಜಿಲ್ಲೆಗಳಲ್ಲಿ ನಾಲ್ಕು ನಮ್ಮವು, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಜೊತೆಗೆ ನಮ್ಮ ಧಾರವಾಡ, ನಮ್ಮ ಪರಂಪರೆಯನ್ನು ಇಟಲಿಯವರು ಕದ್ದರು, ಹೀಗೆ. ಹದಿನಾರು ಮಂದಿ ಹೆಬ್ಬೆರಳು ಒತ್ತಿದ್ದರು. ಮೊನ್ನೆ ರಾತ್ರಿ ಅದನ್ನು ಹುಡುಕಿ ಮತ್ತೆ ಓದಿದೆ. "ನಮ್ಮ" ಅಂತ ಏಳು ಸಲ ಬರೆದಿದ್ದೇನೆ. ಹದ ಮಾಡಿದವರ ಮಾತಿಲ್ಲ, ಹೊಲಿದವರ ಮಾತಿಲ್ಲ. ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಚರ್ಮ ನೆನೆಹಾಕುವ ಮನೆಗಳ ವಾಸನೆಗೆ ಮೂಗು ಮುಚ್ಚಿ ಓಡುತ್ತಿದ್ದವರು ನಾವು. ಚಪ್ಪಲಿ ಮಾತ್ರ ನಮ್ಮದು. ಕಂಪನಿಗೆ ಕೊನೆಗೆ ಎಲ್ಲಿಂದ ತಂದೆವು ಅಂತ ಹೇಳಬೇಕಾಗಿಯಾದರೂ ಬಂತು.

ಬಸ್ಸಿನಲ್ಲಿ ಅವಳು ಕೇಳಿದಳು. "ಯಾಕಂತ ಕಾಕಾ?" ನಾನು "ಆಗಿನ ಕಾಲ ಹಂಗಿತ್ತವಾ" ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು ಇಯರ್‌ಫೋನ್ ಹಾಕಿಕೊಂಡಳು.

ಗುರುವಾರ ಎಥ್ನಿಕ್ ಡೇ ಚಂದ ಆಯಿತು. ಚಪ್ಪಲಿ ಗಟ್ಟಿ ನಿಂತಿತು. ರೀಲ್ ಹಾಕಿದ್ದಾಳೆ, ಪಾದದಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಅದಕ್ಕೂ ಹಾಡು ಹಚ್ಚಿದ್ದಾಳೆ.

ನಿನ್ನೆ ಏನೋ ನೆಪ ಮಾಡಿ ನಾನೊಬ್ಬನೇ ಧಾರವಾಡಕ್ಕೆ ಹೋದೆ. ನನ್ನ ಬೂಟಿಗೆ ಏನೂ ಆಗಿರಲಿಲ್ಲ. "ನಮಸ್ಕಾರ್ರಿ ಯಜಮಾನ್ರ" ಎಂದೆ. ನನಗೇ ನಾಟಕದ ಮಾತಿನಂತೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು, ಸಣ್ಣಗೆ ನಕ್ಕರು. ಸಪ್ಪಳ ಬರುವ ಜೋಡಿ ಒಂದು ಹೊಲಿದು ಕೊಡುತ್ತೀರಾ ಎಂದು ಕೇಳಿದೆ. "ಈಗ ಹೊಸಾವ ಹೊಲಿಯೂದಿಲ್ರಿ, ಬರೇ ರಿಪೇರಿ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು.

"ಹುಡುಗಿ ಕೇಳಿದಳೇನ್ರಿ?"

"ಹೂಂ, ಕೇಳಿದಳು."

"ಏನ್ ಹೇಳಿದ್ರಿ?"

ಕಾಲಿನ ಬೂಟು ಬಿಚ್ಚಿ ಅವರ ಮುಂದಿಟ್ಟು, ಅಟ್ಟೆ ಸಡಿಲ ಆಗಿದೆಯೇನೋ, ಸ್ವಲ್ಪ ನೋಡ್ರಿ ಎಂದೆ.